ಹನ್ನೆರಡು ವಾರದ ಮಾತ್ರೆ

ಟಿ. ದಾಸರಹಳ್ಳಿ
16 ಜೂನ್ 2025, ಸೋಮವಾರ

ಶಿವಾನಿಯ ಅಪ್ಪನವರಿಗೆ ನಮಸ್ಕಾರ.

ನಿನ್ನೆ ಮಧ್ಯಾಹ್ನ ಕೂಸನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಇಪ್ಪತ್ತಾರು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದವಳು ಈಗ ನನ್ನ ತೊಡೆಯ ಮೇಲೆ ಮಲಗಿ ತುಟಿ ಚಪ್ಪರಿಸುತ್ತಿದ್ದಾಳೆ. ತೂಕ ಎರಡು ಕಿಲೋಗೆ ಇನ್ನೂ ಚೂರು ಕಡಿಮೆ. ಮೂಗು ಮಾತ್ರ ನಿಮ್ಮದೇ. ಬೆಳೆದ ಮೇಲೆ ಸರಿಹೋದೀತು ಎಂದು ನಾನೂ ಮಗಳೂ ಸಮಾಧಾನ ಮಾಡಿಕೊಂಡಿದ್ದೇವೆ.

ಮನೆಗೆ ಕಳಿಸುವ ಮುಂಚೆ ಮಕ್ಕಳ ಡಾಕ್ಟರು ಶಿವಾನಿ, ಅಳಿಯ ವಿಶ್ವನಾಥ, ನಾನು ಮೂವರನ್ನೂ ಕೂರಿಸಿಕೊಂಡರು. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸು, ಶ್ವಾಸಕೋಶ ಎಳೆಯದು, ಹೊಗೆ ತಾಗಬಾರದು ಎಂದರು. ಹೊಗೆ ಮಾತ್ರವಲ್ಲವಂತೆ, ಸೇದಿದವರ ಅಂಗಿಯಲ್ಲಿ, ಹಾಸಿಗೆಯಲ್ಲಿ, ಪರದೆಯಲ್ಲಿ ಉಳಿದದ್ದೂ ಆಗದಂತೆ.

"ಬಾಣಂತನ ಎಲ್ಲಿ?" ಎಂದು ಕೇಳಿದರು.

"ನಮ್ಮ ಮನ್ಯಾಗರಿ, ಶೆಟ್ಟಿಹಳ್ಳಿಯಾಗ" ಎಂದೆ.

"ಮನೇಲಿ ಯಾರಾದ್ರೂ ಸೇದ್ತಾರಾ?"

ಶಿವಾನಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ನಮ್ಮ ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು. ಅವಳ ಬಾಣಂತನ ತವರಿನಲ್ಲಿ ಆಗಲಿಲ್ಲ. ತೊಟ್ಟಿಲಿಗೆಂದು ನೀವೇ ನಿಂತು ಕೊಂಡಿ ಹಾಕಿಸಿದ ಕೋಣೆ ಖಾಲಿ ಇದೆ, ನಾನು ಅಳಿಯನ ಮನೆಯಲ್ಲಿ ಬಿಸಿನೀರು ಕಾಯಿಸುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಬೈಯಲು ನನಗೆ ಬರುವುದಿಲ್ಲ.

ನೀವು ಸಿಗರೇಟು ಬಿಡುವ ತನಕ ನಾನೂ ಬರುವುದಿಲ್ಲ, ನೀವೂ ಇಲ್ಲಿ ಮೆಟ್ಟಿಲು ಹತ್ತಬೇಡಿ. ಫೋನ್ ಮಾಡಿದರೆ ನಾನು ಎತ್ತುವುದಿಲ್ಲ. ಫೋನಿನಲ್ಲಿ ನೀವು "ಬಿಟ್ಟೇನಿ ಬಿಡ" ಅನ್ನುತ್ತೀರಿ, ಹಿಂದೆಯೇ ಲೈಟರಿನ ಟಕ್ ಎಂಬ ಸದ್ದು ಕೇಳಿಸುತ್ತದೆ. ಸೈನ್ಯದಲ್ಲಿದ್ದಾಗ ಬರೆಯುತ್ತಿದ್ದಿರಲ್ಲ, ಹಾಗೆ ಕಾಗದ ಬರೆಯಿರಿ. ಮೂಗಿಗೆ ಹಿಡಿದರೆ ನನಗೆ ಎಲ್ಲ ಗೊತ್ತಾಗುತ್ತದೆ.

ಫ್ರಿಜ್ಜಿನಲ್ಲಿ ಶೇಂಗಾ ಚಟ್ನಿ ಇದೆ.

ಸಿಟ್ಟಿನಿಂದ,
ಪಾರವ್ವ


ಶೆಟ್ಟಿಹಳ್ಳಿ
24 ಜೂನ್ 2025

ಪಾರವ್ವ,

ನಿನ್ನ ಕಾಗದ ಐದು ಕಿಲೋಮೀಟರ್ ಬರಲು ನಾಲ್ಕು ದಿನ ತೆಗೆದುಕೊಂಡಿತು. ಸೈನ್ಯದಲ್ಲಿದ್ದಾಗ ಗಡಿಯ ತವಾಂಗಿಗೇ ಇದಕ್ಕಿಂತ ಬೇಗ ಬರುತ್ತಿತ್ತು. ಅಂಚೆ ಕಚೇರಿಯಲ್ಲಿ ಒಂದು ಕಟ್ಟು ಇನ್‌ಲ್ಯಾಂಡ್ ಲೆಟರ್ ಕೇಳಿದೆ. ಕೌಂಟರಿನ ಹುಡುಗಿ, "ಅಂಕಲ್, ಯಾರಿಗೆ ಇಷ್ಟೊಂದು?" ಎಂದಳು. "ಹೆಂಡತಿಗೆ" ಎಂದೆ. ಪಾಪ, ಇನ್ನೊಂದು ಕಟ್ಟನ್ನೂ ತೆಗೆದು ಮುಂದಿಟ್ಟಳು.

ನಿನ್ನ ಕಾಗದ ಓದಿ ಒಂದು ಇಡೀ ದಿನ ಸಿಟ್ಟಿನಲ್ಲಿದ್ದೆ. ಇಪ್ಪತ್ತನಾಲ್ಕು ವರ್ಷ ದೇಶ ಕಾದವನಿಗೆ ಮೊಮ್ಮಗಳ ಮನೆಯ ಮೆಟ್ಟಿಲು ಹತ್ತುವ ಹಕ್ಕಿಲ್ಲವೇ ಎಂದು ಗೋಡೆಗೆ ಭಾಷಣ ಮಾಡಿದೆ. ಆಮೇಲೆ ಆ ಕೋಣೆಗೆ ಹೋದೆ. ಕೊಂಡಿಯನ್ನು ನೋಡುತ್ತ ನಿಂತೆ. ಕೈಯಲ್ಲಿ ಸಿಗರೇಟು ಉರಿಯುತ್ತಿತ್ತು. ಯಾವಾಗ ಹಚ್ಚಿದೆನೋ ನನಗೇ ಗೊತ್ತಿರಲಿಲ್ಲ. ಅದು ನೋಡಿ ಹೆದರಿಕೆಯಾಯಿತು.

ಶನಿವಾರ ಯಲಹಂಕದ ಮಾಜಿ ಸೈನಿಕರ ಕ್ಲಿನಿಕ್ಕಿಗೆ ಬಿಪಿ ಮಾತ್ರೆಗೆ ಹೋದೆ. ಈಗ ಅಲ್ಲಿ ಕಲಾವತಿ ಎಂಬ ಹೊಸ ಡಾಕ್ಟರು ಬಂದಿದ್ದಾರೆ. ಮೇಜಿನ ಮೇಲೆ ಒಂದು ಉಪ್ಪಿನಕಾಯಿ ಭರಣಿ, ಅದರ ತುಂಬ ಸಿಗರೇಟು ಬಿಟ್ಟವರು ಒಪ್ಪಿಸಿದ ಲೈಟರುಗಳು.

"ಸಾರ್, ದಿನಕ್ಕೆ ಎಷ್ಟು ಸೇದ್ತೀರ?"

"ಎರಡು ಮೂರು, ಮೇಡಂ."

"ಎರಡು ಮೂರು ಪ್ಯಾಕಾ?"

ಭರಣಿಯ ಲೈಟರುಗಳನ್ನು ಎಣಿಸತೊಡಗಿದೆ.

"ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇದು?"

"ಎದ್ದ ಮ್ಯಾಲಲ್ರೀ ಮೇಡಂ, ಏಳಾಕ ಅದು ಬೇಕ್ರಿ."

ಬರೆದುಕೊಂಡರು. ನಗಲಿಲ್ಲ, ಬೈಯಲೂ ಇಲ್ಲ. ಮೂರು ಸಲ ಬಿಟ್ಟು ಮೂರು ಸಲ ಹಿಡಿದದ್ದನ್ನು ಹೇಳಿದೆ. ಏಲಕ್ಕಿ ಜಗಿದದ್ದು, ಹರಕೆ ಹೊತ್ತದ್ದು, ನಿನ್ನ ಮೇಲೆ ಆಣೆ ಇಟ್ಟದ್ದು ಎಲ್ಲ. ಅದಕ್ಕೆ ಅವರು, "ಹಾಗಾದ್ರೆ ಈ ಸಲ ಮಾತ್ರೆ ತಗೊಳ್ಳಿ" ಎಂದರು.

ನನಗೆ ಅವಮಾನವಾಯಿತು. "ಸಿಪಾಯಿ ಆಗಿ ಮಾತ್ರೆ ನುಂಗಿ ಬಿಡಬೇಕೇನ್ರಿ? ಮನಸ್ಸು ಗಟ್ಟಿ ಮಾಡಿದರ ಸಾಕಲ್ರಿ" ಎಂದೆ.

"ಸರಿ ಸಾರ್. ಬಿಪಿಗೂ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಆ ಮಾತ್ರೆ ವಾಪಸ್ ಕೊಟ್ಬಿಡಿ" ಎಂದು ಕೈ ಚಾಚಿದರು!

ಪಕ್ಕದಲ್ಲಿ ನಮ್ಮ ಬೆಟಾಲಿಯನ್ನಿನ ಡ್ರೈವರ್, ಜಕ್ಕೂರಿನ ಮುನಿಆಂಜಿನಪ್ಪ ಕೂತಿದ್ದ. ಅವನಿಗೆ ತಡೆಯಲಾಗಲಿಲ್ಲ. "ಅಲ್ಲ ಮೇಡಮ್ಮೋರೆ, ಆವತ್ತು ಬೆಟ್ಟದ್ ಮ್ಯಾಲೆ ರೇಸನ್ ಜೊತೆ ಸಿಗರೇಟ್ ಕೊಟ್ಟಿದ್ದೂ ಸರ್ಕಾರ, ಇವತ್ತು ಬಿಡ್ಸಕ್ಕೆ ಮಾತ್ರೆ ಕೊಡೋದೂ ಸರ್ಕಾರ. ಇಂಗಾದ್ರೆ ನಾವ್ ಏನ್ ಮಾಡಾದು?"

"ಆರ್ಡರ್ ಬದಲಾಗಿದೆ ಅಂತ ತಿಳ್ಕೊಳ್ಳಿ" ಎಂದರು ಡಾಕ್ಟರು.

ಆಮೇಲೆ ನನಗೆ ಬಿಡಿಸಿ ಹೇಳಿದರು. ಮೆದುಳಿನಲ್ಲಿ ನಿಕೋಟಿನ್ ಬಂದು ಕೂರುವ ಕುರ್ಚಿಗಳಿವೆಯಂತೆ. ಈ ಮಾತ್ರೆ ಮೊದಲೇ ಹೋಗಿ ಆ ಕುರ್ಚಿಯಲ್ಲಿ ಕೂರುತ್ತದಂತೆ. ನಾವು ಸೇದಿದರೂ ಹೊಗೆಗೆ ಜಾಗ ಸಿಗುವುದಿಲ್ಲ, ಸುಖ ಹತ್ತುವುದಿಲ್ಲ. ಮೂರು ದಿನ ಅರ್ಧ ಡೋಸು ಒಂದೊಂದು, ನಾಲ್ಕು ದಿನ ಎರಡೆರಡು, ಎಂಟನೆಯ ದಿನದಿಂದ ಪೂರ್ತಿ ಡೋಸು. ಆ ಎಂಟನೆಯ ದಿನವೇ ಸಿಗರೇಟಿಗೆ ಕೊನೆ. ಒಟ್ಟು ಹನ್ನೆರಡು ವಾರ. ಮೂತ್ರಪಿಂಡದ ರಕ್ತ ಪರೀಕ್ಷೆ ಮಾಡಿಸಿದರು. ಫಿಟ್ಸ್ ಬಂದಿತ್ತಾ, ನಿದ್ದೆ ಹೇಗೆ, ಮನಸ್ಸು ಕುಗ್ಗುತ್ತದಾ, ಸೈನ್ಯದ ದಿನಗಳು ಕಾಡುತ್ತವಾ ಎಂದೆಲ್ಲ ಕೇಳಿದರು. ಕೊನೆಯದಕ್ಕೆ ಇಲ್ಲ ಎಂದೆ.

ನಿನ್ನೆ ಶುರು ಮಾಡಿದ್ದೇನೆ. ಜೂನ್ 30 ಕೊನೆಯ ತಾರೀಖು. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ.

ಶೇಂಗಾ ಚಟ್ನಿ ಮುಗಿಯಿತು.

ಫಕೀರಪ್ಪ
(ನಿವೃತ್ತ ಸುಬೇದಾರ್, ಸದ್ಯ ಗೃಹಬಂದಿ)


ಟಿ. ದಾಸರಹಳ್ಳಿ
28 ಜೂನ್ 2025

ಶಿವಾನಿಯ ಅಪ್ಪನವರಿಗೆ,

ಕಾಗದ ಬಿಚ್ಚುವ ಮೊದಲೇ ಗೊತ್ತಾಯಿತು. ಕನಿಷ್ಠ ನಾಲ್ಕು ಸೇದಿದ್ದೀರಿ ಬರೆಯುವಾಗ. ಇರಲಿ, ಮೂವತ್ತನೆಯ ತಾರೀಖಿನ ತನಕ ನಿಮಗೆ ಮಾಫಿ.

ಡಾಕ್ಟರಮ್ಮ ನನಗೆ ಹಿಡಿಸಿದರು. ಬಿಪಿಯ ಮಾತು ಓದಿ ಶಿವಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಹೊಲಿಗೆ ನೋಯುತ್ತದೆ ಎಂದು ಮತ್ತೆ ಅತ್ತಳು. ಬಾಣಂತಿ ಹೀಗೆ ನಗಬಾರದು, ಸ್ವಲ್ಪ ನೋಡಿಕೊಂಡು ಬರೆಯಿರಿ.

ಕೂಸಿಗೆ ಕೀರ್ತಿ ಎಂದು ಹೆಸರಿಡುವುದೆಂದು ಇವರಿಬ್ಬರೂ ಸೇರಿ ನಿಶ್ಚಯ ಮಾಡಿದ್ದಾರೆ. ಅವಳಿಗೆ ಬಿಕ್ಕಳಿಕೆ ಬಂದರೆ ಇಡೀ ಮೈ ಜಿಗಿಯುತ್ತದೆ.

ಗುರುವಾರ ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ ನಿಮ್ಮನ್ನು ನೋಡಿದೆ. ಎದುರಿನ ಕಿರಾಣಿ ಅಂಗಡಿಯ ಬಾಳೆಗೊನೆಯ ಹಿಂದೆ ನಿಂತಿದ್ದಿರಿ. ಆರಡಿ ಆಳು ಬಾಳೆಗೊನೆಯ ಹಿಂದೆ ಅಡಗುವುದಿಲ್ಲ ಎಂದು ಸೈನ್ಯದಲ್ಲಿ ಹೇಳಿಕೊಡಲಿಲ್ಲವೇ? ಜುಲೈ 6ರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಕೂಸನ್ನು ಬಾಲ್ಕನಿಗೆ ತಂದು ತೋರಿಸುತ್ತೇನೆ. ನೀವು ರಸ್ತೆಯಲ್ಲೇ ನಿಲ್ಲಬೇಕು.

ಮನೆಯ ಪರದೆ, ಚಾದರ, ದಿಂಬಿನ ಗವಸು ಎಲ್ಲ ಬಿಸಿನೀರಿನಲ್ಲಿ ತೊಳೆಯಿರಿ. ಸೋಫಾದ ಹೊದಿಕೆಯನ್ನು ಮರೆಯಬೇಡಿ.

ಮಾಫಿ ಕೊಟ್ಟವಳು,
ಪಾರವ್ವ


ಶೆಟ್ಟಿಹಳ್ಳಿ
9 ಜುಲೈ 2025

ಪಾರವ್ವ,

ಇವತ್ತಿಗೆ ಹತ್ತನೆಯ ದಿನ. ಒಂದೂ ಇಲ್ಲ. ಮೂಗಿಗೆ ಹಿಡಿದು ನೋಡು.

ಮೊದಲು ಕಷ್ಟದ ಸುದ್ದಿ. ಮಾತ್ರೆ ಊಟದ ಮೇಲೆ, ತುಂಬು ಲೋಟ ನೀರಿನ ಜೊತೆ ನುಂಗಬೇಕು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ನಾನು ಜಾಣ, ಖಾಲಿ ಹೊಟ್ಟೆಯಲ್ಲಿ ಒಂದು ಗುಟುಕು ಚಹಾದ ಜೊತೆ ನುಂಗಿ ಬಸ್ಸು ಹತ್ತಿದೆ. ಗಂಗಮ್ಮ ಸರ್ಕಲ್ ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಪರೇಡ್ ಶುರುವಾಯಿತು. ಎಂ.ಎಸ್. ಪಾಳ್ಯದಲ್ಲಿ ಇಳಿದು ಒಂದು ಮರದ ಬುಡಕ್ಕೆ ಎಲ್ಲ ಒಪ್ಪಿಸಿದೆ. ಹೂವು ಮಾರುವ ಅಕ್ಬರಿ ಎಂಬ ಹೆಣ್ಣುಮಗಳು ನೀರು ಕೊಟ್ಟು, "ಬೆಳಿಗ್ಗೇನೇ ಕುಡ್ದಿದ್ದೀರಾ ಅಣ್ಣಾ?" ಎಂದಳು. ಸಿಗರೇಟು ಬಿಡುವ ಮಾತ್ರೆಯಮ್ಮ ಎಂದರೆ ನಂಬಲಿಲ್ಲ. ಚೀಟಿ ತೋರಿಸಿದೆ. "ನಮ್ ಮನೆಯೋರಿಗೂ ಬರೆಸ್ಕೊಡಿ" ಎಂದು ದುಂಬಾಲು ಬಿದ್ದಳು. ಡಾಕ್ಟರನ್ನೇ ನೋಡಬೇಕು ಎಂದು ಹೇಳಿ ಬಂದೆ. ಈಗ ರೊಟ್ಟಿ ತಿಂದು, ನೀರು ಕುಡಿದು, ಆಮೇಲೆ ಮಾತ್ರೆ. ಹೊಟ್ಟೆ ಸುಮ್ಮನಿದೆ.

ಇನ್ನೊಂದು, ಕನಸುಗಳು. ಬರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಇಷ್ಟು ಬಣ್ಣಬಣ್ಣವಾಗಿ ಬರುತ್ತವೆ ಎಂದು ಹೇಳಿರಲಿಲ್ಲ. ಮೊನ್ನೆ ನಮ್ಮ ಕಮಾಂಡಿಂಗ್ ಆಫೀಸರು ನಮ್ಮ ಅಡುಗೆಮನೆಯಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. ನಮ್ಮವ್ವನ ಎಮ್ಮೆ ಅಟೆನ್ಷನ್ನಿನಲ್ಲಿ ನಿಂತು ಅವರಿಗೆ ಸಲ್ಯೂಟ್ ಹೊಡೆಯುತ್ತಿತ್ತು. ಎದ್ದ ಮೇಲೂ ಅರ್ಧ ಗಂಟೆ ನಗುತ್ತಿದ್ದೆ.

ಮನೆ ತೊಳೆದೆ ಎನ್ನುವುದು ಸಣ್ಣ ಮಾತಾಯಿತು. ಕ್ಯಾಲೆಂಡರ್ ತೆಗೆದರೆ ಅದರ ಹಿಂದೆ ಗೋಡೆ ಬೆಳ್ಳಗೆ, ಸುತ್ತ ಚಹಾದ ಬಣ್ಣ. ಇಷ್ಟು ದಿನ ನಾವು ಆ ಬಣ್ಣದೊಳಗೇ ಇದ್ದೆವಲ್ಲ! ಮುನಿಆಂಜಿನಪ್ಪ ಬಂದು ಏಣಿ ಹಿಡಿದ. ಅವನಿನ್ನೂ ಸೇದುತ್ತಾನೆ. ಗೇಟಿನ ಹೊರಗೆ ನಿಂತು ಸೇದಿ ಬಾ ಎಂದೆ. "ನಿನ್ ಮನೆಗೆ ಬಂದು ಆಚೆ ನಿಂತ್ಕಬೇಕಾ?" ಎಂದು ಮುಖ ಉಬ್ಬಿಸಿಕೊಂಡು ಹೋಗಿ ನಿಂತ.

ಭಾನುವಾರ ಕೂಸನ್ನು ನೋಡಿದೆ. ಅಷ್ಟು ದೂರದಿಂದ ಬಟ್ಟೆ ಬಿಟ್ಟು ಏನೂ ಕಾಣಲಿಲ್ಲ. ಆದರೂ ನೋಡಿದೆ.

ಹತ್ತನೆಯ ದಿನದ,
ಫಕೀರಪ್ಪ


ಟಿ. ದಾಸರಹಳ್ಳಿ
14 ಜುಲೈ 2025

ಶಿವಾನಿಯ ಅಪ್ಪನವರಿಗೆ,

ಮೂರು ಸಲ ಮೂಸಿದೆ. ಶಿವಾನಿಯ ಕೈಗೂ ಕೊಟ್ಟೆ. ಬರೀ ಕಾಗದದ ವಾಸನೆ. ಜೊತೆಗೆ ಒಂದಿಷ್ಟು ಒಗ್ಗರಣೆಯದು.

ಒಂದು ಮಾತು ಹೇಳುತ್ತೇನೆ, ನಗಬೇಡಿ. ಮದುವೆಯಾದ ಹೊಸದರಲ್ಲಿ ನಿಮ್ಮ ಕಾಗದ ನಮ್ಮೂರು ರೋಣಕ್ಕೆ ಬಂದಾಗ ಮೊದಲು ಓದುತ್ತಿರಲಿಲ್ಲ, ಮೂಸುತ್ತಿದ್ದೆ. ಸಿಗರೇಟು, ಸೀಮೆಎಣ್ಣೆ, ಉಣ್ಣೆಯ ಕೋಟು, ಎಲ್ಲ ಸೇರಿದ ವಾಸನೆ. ಗಂಡನ ಮುಖ ನೋಡಿದ್ದು ಹದಿನೆಂಟು ದಿನ, ಆಮೇಲೆ ವರ್ಷಗಟ್ಟಲೆ ಗಂಡ ಎಂದರೆ ನನಗೆ ಆ ವಾಸನೆಯೇ. ನಿಮ್ಮವ್ವ ಬಂದರೆ ಕಾಗದ ಕುಪ್ಪಸದೊಳಗೆ. ಈ ಸಲ ವಾಸನೆ ಇಲ್ಲದ ಕಾಗದ ಹಿಡಿದಾಗ ಸಂತೋಷವೂ ಆಯಿತು, ಯಾರೋ ಪರವೂರಿನವರು ಬರೆದಂತೆಯೂ ಅನಿಸಿತು. ನಿಮ್ಮ ಅಕ್ಷರ ನೋಡಿ ಸಮಾಧಾನ ಮಾಡಿಕೊಂಡೆ.

ಕೂಸು ಮೊನ್ನೆ ನಕ್ಕಿತು. ಗಾಳಿಗೆ ತುಟಿ ಅಲುಗಿದ್ದು ಎಂದು ವಿಶ್ವನಾಥ ವಾದ ಮಾಡಿದ. ನಾನು ಒಪ್ಪಲಿಲ್ಲ.

ಬಾಲ್ಕನಿಯ ಕೆಳಗೆ ನಿಲ್ಲುವಾಗ ಟೋಪಿ ಹಾಕಿಕೊಳ್ಳಿ. ಬಿಸಿಲಿರುತ್ತದೆ.

ಪಾರವ್ವ


ಶೆಟ್ಟಿಹಳ್ಳಿ
30 ಜುಲೈ 2025

ಪಾರವ್ವ,

ಈ ಕಾಗದದಲ್ಲಿ ವಾಸನೆ ಇರುವುದಿಲ್ಲ, ಕೈ ತೊಳೆದು ಬರೆಯುತ್ತಿದ್ದೇನೆ. ಆದ್ದರಿಂದ ಬಾಯಿಬಿಟ್ಟು ಹೇಳಲೇಬೇಕು. ಭಾನುವಾರ ಎರಡು ಸಿಗರೇಟು ಸೇದಿದೆ.

ಮುನಿಆಂಜಿನಪ್ಪನ ಊರಿನವನೇ, ಜಕ್ಕೂರಿನ ಮುನಿವೆಂಕಟಯ್ಯ ತೀರಿಹೋದ. ಉಸಿರಿನ ತೊಂದರೆಯಿಂದ ಬಹಳ ದಿನದಿಂದ ಮಲಗಿದ್ದ. ನೀನು ಅವನನ್ನು ನಮ್ಮ ರೆಜಿಮೆಂಟಿನವನು ಎಂದಷ್ಟೇ ಬಲ್ಲೆ. ಉಳಿದದ್ದನ್ನು ನಾನು ಹೇಳಿಲ್ಲ.

1990ರ ಚಳಿಗಾಲ. ನಾನು ಕೆಳಗಿನ ಕ್ಯಾಂಪಿನಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದಿದ್ದೆ. ಮೇಲಿನ ಪೋಸ್ಟಿನಲ್ಲಿ ಮೂವರಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ಮುನಿವೆಂಕಟಯ್ಯ ಮಾತಾಡುತ್ತಿದ್ದವನು ಅರ್ಧಕ್ಕೆ ನಿಂತ. ಹಿಮ ಕುಸಿದು ಬಂಕರನ್ನೇ ಮುಚ್ಚಿತ್ತು. ಅಗೆಯುವವರು ಮೇಲೆ ಹತ್ತಿ ಮುಟ್ಟಲು ಗಂಟೆಗಟ್ಟಲೆ ಬೇಕು. ಕರೆಯುತ್ತಲೇ ಇರು ಎಂದು ನನಗೆ ಹುಕುಂ ಆಯಿತು. ಕರೆದೆ. ಜವಾಬಿಲ್ಲ. ಹಿಂದಿಯಲ್ಲಿ ಕರೆದು ಸಾಕಾಗಿ ಕನ್ನಡದಲ್ಲಿ ಶುರು ಮಾಡಿದೆ. ಮಾತು ಖಾಲಿಯಾದಾಗ ನಮ್ಮೂರು, ನಮ್ಮವ್ವನ ಎಮ್ಮೆ, ಹೊಸದಾಗಿ ಮದುವೆಯಾದ ನೀನು, ನೀನು ಮಾಡುವ ಬದನೆಕಾಯಿ ಎಣ್ಣೆಗಾಯಿ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಏಳು ಗಂಟೆ ಹೊತ್ತು. ಒಂದು ಆರುವ ಮುಂಚೆ ಇನ್ನೊಂದು ಸಿಗರೇಟು ಹಚ್ಚುತ್ತಿದ್ದೆ.

ಸಂಜೆ ಅವನೊಬ್ಬನನ್ನು ಜೀವಂತ ಎತ್ತಿದರು. ಸೆಟ್ಟಿನ ಬ್ಯಾಟರಿ ಉಳಿದಿತ್ತಂತೆ. ಅವನಿಗೆ ಕೈ ಅಲುಗಿಸಲು ಆಗುತ್ತಿರಲಿಲ್ಲ, ಆದರೆ ಕಿವಿಗೆ ಎಲ್ಲ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ನನಗೆ ಹೇಳಿದ ಮೊದಲ ಮಾತು: "ಲೇ ಪಕೀರಪ್ಪ, ಆ ಬದ್ನೆಕಾಯಿ ನಂಗ್ ಯಾವಾಗ ತಿನ್ನುಸ್ತೀಯ?" ಇನ್ನಿಬ್ಬರು ಬದುಕಿ ಬರಲಿಲ್ಲ. ಅವರಿಗೂ ನನ್ನ ಮಾತು ಕೇಳಿಸುತ್ತಿತ್ತೋ, ಎಲ್ಲಿಯ ತನಕ ಕೇಳಿಸುತ್ತಿತ್ತೋ, ಗೊತ್ತಿಲ್ಲ. ಇದನ್ನೇ ನಾನು ಯಾರಿಗೂ ಹೇಳಲಾಗದೆ ಉಳಿದದ್ದು.

ಭಾನುವಾರ ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ಗೋಪಾಲಮ್ಮ ನನ್ನ ಕೈ ಹಿಡಿದುಕೊಂಡು, "ನಿನ್ ದನೀನೇ ಕಣಣ್ಣ ನಂಗೆ ಅವ್ರುನ್ನ ಮೂವತ್ತೈದು ವರ್ಸ ಉಳುಸ್ಕೊಟ್ಟಿದ್ದು" ಎಂದಳು. ಹೊರಗೆ ಬಂದೆ. ಮುನಿಆಂಜಿನಪ್ಪ ಹಚ್ಚಿಕೊಂಡಿದ್ದ. ಕೈ ಚಾಚಿದೆ. ಅವನು ಕೊಟ್ಟ. ರುಚಿ ಹತ್ತಲಿಲ್ಲ. ಇನ್ನೊಂದರಲ್ಲಿ ಹತ್ತೀತು ಎಂದು ಇನ್ನೊಂದು ಸೇದಿದೆ. ಅದೂ ಹುಲ್ಲು ಸುಟ್ಟಂತೆ.

ಸೋಮವಾರ ಕ್ಲಿನಿಕ್ಕಿಗೆ ಹೋಗಿ, ಮಾತ್ರೆಯ ಪಟ್ಟಿ ಮೇಜಿನ ಮೇಲಿಟ್ಟು, "ನನ್ನ ಕೈಲೆ ಆಗಲಿಲ್ರಿ ಮೇಡಂ" ಎಂದೆ. ಅವರು ಪಟ್ಟಿಯನ್ನು ಹಿಂದಕ್ಕೆ ತಳ್ಳಿದರು. "ಇಪ್ಪತ್ತೇಳು ದಿನ ಬಿಟ್ಟಿದ್ರಿ, ಒಂದು ದಿನ ಎರಡು ಸೇದಿದ್ರಿ. ಇದು ಸೋಲಾ ಸಾರ್? ಮಾತ್ರೆ ನಿಲ್ಲಿಸ್ಬೇಡಿ. ಇವತ್ತಿಂದ ಮತ್ತೆ ಹೊರಡಿ" ಎಂದರು. ಆಮೇಲೆ ಬಾಗಿಲು ಮುಚ್ಚಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಹೊರಗೆ ಸಾಲು ಬೆಳೆಯುತ್ತಿತ್ತು, ಅವರು ಗಡಿಯಾರ ನೋಡಲಿಲ್ಲ. ಇಂಥ ನೆನಪುಗಳಿಗೆಂದೇ ಇರುವ ಇನ್ನೊಬ್ಬ ಡಾಕ್ಟರ ಹತ್ತಿರ ತಿಂಗಳಿಗೊಮ್ಮೆ ಮಾತಾಡಿ ಎಂದು ಚೀಟಿ ಕೊಟ್ಟಿದ್ದಾರೆ. ಹೋಗುತ್ತೇನೆ.

ಇನ್ನು ನೀನು ಏನು ಬೈಯಬೇಕೋ ಬೈ. ದಿನಗಳನ್ನು ಮತ್ತೆ ಒಂದರಿಂದ ಎಣಿಸುತ್ತಿದ್ದೇನೆ.

ಫಕೀರಪ್ಪ


ಶೆಟ್ಟಿಹಳ್ಳಿ
14 ಆಗಸ್ಟ್ 2025

ಪಾರವ್ವ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಎರಡು ಭಾನುವಾರವೂ ಬಾಲ್ಕನಿಗೆ ಕೂಸನ್ನು ತಂದವನು ವಿಶ್ವನಾಥ. ನೀನು ಒಳಗೇ ಇದ್ದೆ. ಸಿಟ್ಟಿದ್ದರೆ ಸಿಟ್ಟನ್ನೇ ಬರೆ. ಅಂಚೆಯವನು ಸೈಕಲ್ ಬೆಲ್ ಮಾಡಿದರೆ ನಾನು ಬಾಗಿಲಿಗೆ ಓಡುತ್ತೇನೆ. ಅವನಿಗೂ ಈಗ ನನ್ನ ಮೇಲೆ ಕನಿಕರ ಬಂದಿದೆ.

ಸೇದಿಲ್ಲ. ನಾಳೆ ನಮ್ಮ ರಸ್ತೆಯ ಶಾಲೆಯಲ್ಲಿ ಧ್ವಜ ಏರಿಸಲು ಕರೆದಿದ್ದಾರೆ.

ಫಕೀರಪ್ಪ


ಟಿ. ದಾಸರಹಳ್ಳಿ
18 ಆಗಸ್ಟ್ 2025

ಇವರಿಗೆ,

ಸಿಟ್ಟಿಲ್ಲ. ನಾಚಿಕೆಯಾಗಿ ಬರೆಯಲಿಲ್ಲ.

ನಾನು ಎಲೆಅಡಿಕೆ ಹಾಕಿಕೊಳ್ಳುವುದು ನಿಮಗೆ ಗೊತ್ತು. ಅದರೊಳಗೆ ತಂಬಾಕು ಇಡುವುದು ಗೊತ್ತಿಲ್ಲ. ಶೆಟ್ಟಿಹಳ್ಳಿಯಲ್ಲಿ ಅರಿಷಿಣದ ಡಬ್ಬಿಯ ಹಿಂದೆ ಇರುತ್ತಿತ್ತು. ಇಲ್ಲಿ ಕೂಸಿನ ಎಣ್ಣೆಯ ಬುಟ್ಟಿಯ ತಳದಲ್ಲಿದೆ. ಅವಳಿಗೆ ಮುದ್ದು ಕೊಡುವ ಮುಂಚೆ ಬಾಯಿ ತೊಳೆದುಕೊಳ್ಳುತ್ತೇನೆ. ನನ್ನ ಪ್ರಾಮಾಣಿಕತೆ ಅಷ್ಟೇ.

ನೀವು ಬರೆದ ಚಳಿಗಾಲದಲ್ಲಿ ನಲವತ್ತು ದಿನ ನಿಮ್ಮ ಕಾಗದ ಬರಲಿಲ್ಲ. ನಾನು ಊಟ ಬಿಟ್ಟೆ. ನಿಮ್ಮವ್ವನೇ ಒಂದು ಎಳೆ ತಂಬಾಕು ಎಲೆಯೊಳಗೆ ಮಡಚಿ ಕೊಟ್ಟು, "ಬಾಯಾಗ ಇದು ಇದ್ದರ ಅಳೂ ಬರೂದಿಲ್ಲ, ಹಸಿವೂ ಆಗೂದಿಲ್ಲ, ಹಾಕ್ಕೋ" ಎಂದರು. ತಲೆ ತಿರುಗಿತು, ಅಳು ನಿಂತಿತು. ಆಮೇಲೆ ನಿಮ್ಮ ಕಾಗದ ಬಂತು, ತಂಬಾಕು ಹೋಗಲಿಲ್ಲ.

ನೀವು ಎರಡು ಸಿಗರೇಟಿಗೆ ಇಷ್ಟುದ್ದ ಕಾಗದ ಬರೆದಿರಿ. ನಾನು ಮೂವತ್ತೈದು ವರ್ಷಕ್ಕೆ ಒಂದು ಸಾಲೂ ಬರೆದಿರಲಿಲ್ಲ. ಕೂಸಿನ ಹೆಸರು ಹೇಳಿ ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸಿ, ನಾನು ಮೇಲೆ ನಿಂತು ಜಗಿಯುತ್ತಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಬಾಲ್ಕನಿಗೆ ಬರಲು ಮುಖವಾಗಲಿಲ್ಲ.

ಬಿಡಬೇಕೆಂದು ಹತ್ತು ದಿನ ಗುದ್ದಾಡಿದೆ. ಮಧ್ಯಾಹ್ನದ ತನಕ ತಡೆಯುತ್ತೇನೆ, ಆಮೇಲೆ ಕೈ ತಾನಾಗಿ ಬುಟ್ಟಿಗೆ ಹೋಗುತ್ತದೆ. "ಬಿಡ್ತೀರೋ ಇಲ್ಲೋ" ಎಂದು ನಿಮ್ಮನ್ನು ಎಷ್ಟು ಸಲ ಕೇಳಿದ್ದೇನೆ! ಅದೇನು ಕೇಳುವ ಮಾತಲ್ಲ ಎಂದು ಈಗ ಗೊತ್ತಾಯಿತು.

ಆ ಇನ್ನಿಬ್ಬರಿಗೂ ನಿಮ್ಮ ಮಾತು ಕೇಳಿಸಿರುತ್ತದೆ. ಕಡೆಗಾಲದಲ್ಲಿ ತಮ್ಮ ಕಡೆಯವನೊಬ್ಬ ಮಾತಾಡುತ್ತಿದ್ದ ಎಂದುಕೊಂಡೇ ಹೋಗಿರುತ್ತಾರೆ. ನನಗೆ ಹಾಗೇ ಅನಿಸುತ್ತದೆ.

ಪಾರವ್ವ


ಶೆಟ್ಟಿಹಳ್ಳಿ
21 ಆಗಸ್ಟ್ 2025

ಪಾರವ್ವ,

ಮೊದಲು ಕುರ್ಚಿಯಲ್ಲಿ ಕೂತೆ. ಆಮೇಲೆ ನಕ್ಕೆ. ಅರಿಷಿಣದ ಡಬ್ಬಿಯ ಹಿಂದೆ! ಬಿಟ್ಟೆನೆಂದು ನಿನಗೆ ಹೇಳಿದ ದಿನಗಳಲ್ಲಿ ನಾನು ನನ್ನ ಪ್ಯಾಕನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತಿದ್ದೆ. ಒಂದೇ ಅಡುಗೆಮನೆಯ ಒಂದೇ ಕಟ್ಟೆ. ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಲಿಲ್ಲವಲ್ಲ, ಅದೇ ಆಶ್ಚರ್ಯ.

ಆಮೇಲೆ ನಲವತ್ತು ದಿನದ ಸಾಲನ್ನು ಮತ್ತೆ ಓದಿದೆ. ಅದಕ್ಕೆ ನಗಲಿಲ್ಲ.

ನಾಚಿಕೆ ಪಡಬೇಡ. ನಾನೂ ಪಟ್ಟು ನೋಡಿದ್ದೇನೆ, ಅದರಿಂದ ಒಂದು ಸಿಗರೇಟೂ ಕಡಿಮೆಯಾಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಮಾಜಿ ಸೈನಿಕರ ಹೆಂಡಂದಿರನ್ನೂ ಅವರೇ ನೋಡುತ್ತಾರೆ. ಶನಿವಾರ ಒಂಬತ್ತಕ್ಕೆ (ಕಾಗದ ತಡವಾದೀತೆಂದು ವಿಶ್ವನಾಥನಿಗೂ ಹೇಳಿದ್ದೇನೆ) ನಿಮ್ಮ ಮನೆಯ ಕೆಳಗೆ ಆಟೋ ತರುತ್ತೇನೆ, ನಾನು ಮೆಟ್ಟಿಲು ಹತ್ತುವುದಿಲ್ಲ, ನೀನೇ ಇಳಿದು ಬಾ. ತಿಂಡಿ ತಿಂದು ಬಾ. ಈ ವಿಷಯದಲ್ಲಿ ನಿನಗಿಂತ ಎರಡು ತಿಂಗಳು ಸೀನಿಯರ್ ನಾನು. ಹೇಳಿದ ಮಾತು ಕೇಳಬೇಕು.

ಫಕೀರಪ್ಪ


ಟಿ. ದಾಸರಹಳ್ಳಿ
12 ಸೆಪ್ಟೆಂಬರ್ 2025

ಅಪ್ಪಾ,

ನೀವಿಬ್ಬರೂ ಇಷ್ಟು ದಿನ ಕಾಗದ ಬರೆದುಕೊಳ್ಳುತ್ತಿದ್ದಿರಿ, ಈ ಸಲ ನಾನು ಬರೆಯುತ್ತೇನೆ. ಅಮ್ಮನ ಎದುರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಲು ನನಗೆ ಧೈರ್ಯವಿಲ್ಲ.

ಅಮ್ಮ ತಂಬಾಕು ಬಿಟ್ಟು ಇವತ್ತಿಗೆ ಹದಿನೆಂಟು ದಿನ. ಬಾಯಿಯೊಳಗೆ ಗಾಯವೇನೂ ಇಲ್ಲ, ಆರು ತಿಂಗಳಿಗೊಮ್ಮೆ ತೋರಿಸಿ ಎಂದು ಡಾಕ್ಟರ್ ಹೇಳಿದ್ದು ನಿಮಗೆ ಗೊತ್ತಲ್ಲ. ಅವರು ಕೊಟ್ಟ ನಿಕೋಟಿನ್ ಗಮ್ಮನ್ನು ಸ್ವಲ್ಪ ಅಗಿದು ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ಅಮ್ಮ ಎಲೆಅಡಿಕೆಯಂತೆ ಜಗಿದು ಮೊದಲ ದಿನವೇ ದವಡೆ ನೋಯಿಸಿಕೊಂಡರು. ಮೂರನೆಯ ದಿನ ಹಾಲು ಉಕ್ಕಿದ್ದಕ್ಕೆ ವಿಶ್ವನಾಥ್‌ಗೆ ಬೈದರು. ಪಾಪ, ಅವರು ಪೀಣ್ಯದ ಫ್ಯಾಕ್ಟರಿಯಲ್ಲಿ ಡ್ಯೂಟಿಯಲ್ಲಿದ್ದರು, ಬೈದದ್ದು ಫೋನಿನಲ್ಲಿ. ಐದನೆಯ ದಿನ ಅತ್ತರು. ಈಗ ಸರಿಹೋಗಿದ್ದಾರೆ. ನಿನ್ನೆ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದರು. ಇಷ್ಟು ವರ್ಷ ಅಮ್ಮನಿಗೆ ಉಪ್ಪು ಕಡಿಮೆ ಎಂದೇ ಅನಿಸುತ್ತಿತ್ತು.

ಅಪ್ಪಾ, ಆ ದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ನಾನು ಅಮ್ಮನ ಮುಖ ನೋಡಬಾರದಿತ್ತು. ನೇರವಾಗಿ ನಿಮಗೇ ಹೇಳಬೇಕಿತ್ತು. ನಿಮ್ಮ ಮೇಲೆ ಸಿಟ್ಟಿತ್ತು. ತವರಿಗೆ ಹೋಗಲಾಗಲಿಲ್ಲ ಎಂದು ಮೂರು ವಾರ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತೆ. ಪ್ರತಿ ಭಾನುವಾರ ನೀವು ಟೋಪಿ ಹಾಕಿಕೊಂಡು ಕತ್ತೆತ್ತಿ ನಿಲ್ಲುತ್ತಿದ್ದುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಕೆಳಗೆ ಬಂದು ಮಾತಾಡಿಸಲಿಲ್ಲ.

ಈ ವಾರ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಕೀರ್ತಿ ನಾಲ್ಕೂವರೆ ಕಿಲೋ. ಎದೆ ಸ್ವಚ್ಛವಾಗಿದೆ. ನಿಮ್ಮ ವಿಷಯ ಹೇಳಿದೆ, "ಮಗೂನ ಅಲ್ಲಿಗೆ ಕರ್ಕೊಂಡು ಹೋಗಿ" ಎಂದರು. ಹದಿನೈದಕ್ಕೆ ನಿಮ್ಮ ಮಾತ್ರೆ ಮುಗಿಯುತ್ತದೆ ಎಂದು ಅಮ್ಮ ಲೆಕ್ಕ ಹಾಕಿ ಕೂತಿದ್ದಾರೆ. ಇಪ್ಪತ್ತೊಂದು, ಭಾನುವಾರ ಬರುತ್ತೇವೆ. ಎರಡು ತಿಂಗಳು ಇರುತ್ತೇನೆ. ಬಾಣಂತನ ಮುಗಿದಿದೆ, ಆದರೂ ನನಗೆ ಮಾಡಿಸಿಕೊಳ್ಳಬೇಕು.

ನಿಮ್ಮ ಮಗಳು,
ಶಿವಾನಿ


ಶೆಟ್ಟಿಹಳ್ಳಿ
23 ಸೆಪ್ಟೆಂಬರ್ 2025

ಡಾ. ಕಲಾವತಿ ಮೇಡಂ ಅವರಿಗೆ ಸುಬೇದಾರ್ ಫಕೀರಪ್ಪನ ವಂದನೆಗಳು.

ಹೊಸದಾಗಿ ಬರುವವರಿಗೆ ಓದಿ ಹೇಳಲು ನನ್ನ ಅನುಭವ ಒಂದು ಪುಟ ಬರೆದು ಕೊಡಿ ಎಂದಿದ್ದಿರಿ. ಬರೆಯುತ್ತಿದ್ದೇನೆ.

ಮಾತ್ರೆ ನುಂಗುವುದು ಸೋಲು ಎಂದುಕೊಂಡು ನಾನು ಬಹಳ ವರ್ಷ ಸೋತೆ. ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಕನಸು ಬಂದರೆ ಹೆದರಬೇಡಿ. ಮನಸ್ಸು ಕುಗ್ಗಿದರೆ ಮುಚ್ಚಿಡಬೇಡಿ, ಅದೇ ದಿನ ಹೋಗಿ ಮೇಡಂಗೆ ಹೇಳಿ. ಒಂದು ಸಲ ಜಾರಿದರೆ ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಇನ್ಯಾರಾದರೂ ಹೊಗೆಸೊಪ್ಪು ಜಗಿಯುತ್ತಿರಬಹುದು, ವಿಚಾರಿಸಿ. ಇದನ್ನು ಓದುವಾಗ ನನ್ನ ಹೆಂಡತಿ ಅಲ್ಲಿದ್ದರೆ ಈ ಸಾಲು ಬಿಟ್ಟುಬಿಡಿ.

ಮಾತ್ರೆ ಮುಗಿದು ಎಂಟು ದಿನವಾಯಿತು. ನೀವು ಹೇಳಿದಂತೆ ಮುಂದಿನ ತಿಂಗಳು ಮತ್ತೆ ತೋರಿಸುತ್ತೇನೆ. ಬೆಳಗಿನ ಚಹಾದ ಹೊತ್ತಿನಲ್ಲಿ ಇನ್ನೂ ಕೈ ಜೇಬು ತಡಕುತ್ತದೆ, ಸಿಗುವುದು ಬಸ್ ಟಿಕೆಟು. ಮುನಿಆಂಜಿನಪ್ಪ ನಿಮ್ಮ ಹತ್ತಿರ ಬರುತ್ತಾನೆ. ಬಿಪಿ ತೋರಿಸಲು ಬಂದೆ ಎನ್ನುತ್ತಾನೆ, ನಂಬಬೇಡಿ. ನಿನ್ನೆ ನನ್ನನ್ನು ಮೆಲ್ಲಗೆ ಕೇಳಿದ: "ಆ ಮಾತ್ರೆ ಏಸ್ ದಿನ ತಗಬೇಕು ಅಂದೆ?"

ಭಾನುವಾರ ಮಗಳು ಬಂದಳು. ಜೊತೆಗೇ ಬಂದ ಪಾರವ್ವ ಮುಂದಾಗಿ ಒಳಗೆ ಹೋಗಿ ಹೊಸಿಲಲ್ಲಿ ಆರತಿ ಎತ್ತಿದಳು. ನಾನು ಬಾಗಿಲ ಪಕ್ಕ ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಇಷ್ಟು ದಿನ ದೂರ ನಿಂತು ರೂಢಿಯಾಗಿ, ಹತ್ತಿರ ಹೋಗಲು ತಿಳಿಯಲಿಲ್ಲ. ಶಿವಾನಿಯೇ ಬಂದು, "ಅಪ್ಪಾ, ಕೈ ಮುಂದ ಮಾಡು" ಎಂದಳು.

ಕೂಸು ನನ್ನ ಮುಖವನ್ನು ಬಹಳ ಹೊತ್ತು ನೋಡಿತು. ಅಳಲಿಲ್ಲ, ನಗಲೂ ಇಲ್ಲ. ತಪಾಸಣೆಗೆ ಬಂದ ಬ್ರಿಗೇಡಿಯರ್ ಹೀಗೇ ನೋಡುತ್ತಿದ್ದರು. ಆಮೇಲೆ ಆಕಳಿಸಿತು. ಪಾಸಾದೆ ಎಂದು ತಿಳಿದುಕೊಂಡೆ.

ಇನ್ನೂ ಬರೆಯುವುದಿದೆ, ಆದರೆ ಈಗಷ್ಟೇ ಪಾರವ್ವ ಬಂದು, "ಹಾಲು ಕಾಸಿ ಬರ್ತೀನ್ರಿ, ಒಂದು ಗಳಿಗಿ ಹಿಡ್ಕೊಳ್ರಿ" ಎಂದು ಕೀರ್ತಿಯನ್ನು ನನ್ನ ಬಲಗೈ ಮೇಲೆ ಮಲಗಿಸಿ ಹೋದಳು. ಅಡುಗೆಮನೆಯಲ್ಲಿ ತಾಯಿ ಮಗಳು ಏನೋ ಮಾತಾಡಿಕೊಂಡು ನಗುತ್ತಿದ್ದಾರೆ. ಹಾಲು ಕಾದು ಎಷ್ಟೋ ಹೊತ್ತಾಗಿರಬೇಕು, ಯಾರೂ ಬರಲಿಲ್ಲ. ಇವಳು ನಿದ್ದೆ ಹೋಗಿದ್ದಾಳೆ. ಉಸಿರು ಹೋಗಿ ಬರುವುದು ನನ್ನ ಮಣಿಕಟ್ಟಿಗೆ ತಾಗುತ್ತಿದೆ. ಕೈ ಜೋಮು ಹಿಡಿದಿದೆ, ಎಳೆದುಕೊಳ್ಳಲು ಧೈರ್ಯವಿಲ್ಲ.

ಈ ಕೊನೆಯ ಸಾಲುಗಳನ್ನು ಎಡಗೈಯಲ್ಲಿ ಬರೆದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ಫಕೀರಪ್ಪ